ಸೂತಕದ ದರ

ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ತೊಂಬತ್ತೊಂದು
ಗಾಣದ ಕಟ್ಟೆ, ಚಿಪಾಟಾ–ಮ್ಚಿಂಜಿ ಗಡಿ

ಪಾಲಮ್ಮ,

ಮೇಲಿನ ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಬಡ್ಡಿ ಲೆಕ್ಕಕ್ಕೆ ಉದ್ದ ಗಿಡ್ಡ ತಿಂಗಳು ತೊಡಕು ಎಂದು ದೊಡ್ಡ ವ್ಯಾಪಾರಸ್ಥರು ಹಠ ಹಿಡಿದರು, ಸರ್ಕಾರಗಳು ಒಪ್ಪಿಕೊಂಡವು. ಮಿಕ್ಕ ದಿನಗಳನ್ನು ವರ್ಷದ ತುದಿಗೆ ಗಂಟು ಕಟ್ಟಿ ಇಟ್ಟಿದ್ದಾರೆ, ಅವಕ್ಕೆ ಹೆಸರಿಲ್ಲ. ನನ್ನ ಕೆಲವು ಮಾತುಗಳೂ ಹೀಗೆಯೇ ನಿನಗೆ ವಿಚಿತ್ರವಾಗಿ ಕಾಣಬಹುದು. ಕ್ಷಮಿಸು. ಕ್ಷಮೆ ಕೇಳುವ ಅಭ್ಯಾಸ ನನಗೆ ಕಡಿಮೆ, ಆದ್ದರಿಂದ ಒಮ್ಮೆಗೇ ಕೇಳಿಬಿಡುತ್ತೇನೆ.

ನಾನು ಬೋರಕ್ಕ ಫಿರಿ. ನಿನ್ನ ಮಗಳಿಂದ ಮಗಳಿಗೆ ಇಳಿಯುತ್ತ ಬಂದರೆ ಆರನೆಯ ತಲೆ ನಾನು. ನಿನಗೀಗ ಮೂವತ್ತು ತುಂಬಿಲ್ಲ, ನನಗೆ ಎಪ್ಪತ್ತು ದಾಟಿದೆ. ಹುಟ್ಟಿನಲ್ಲಿ ಚಿಕ್ಕವಳಾದ್ದರಿಂದ ನಿನ್ನ ಕಾಲಿಗೆ ಬೀಳಬೇಕು, ವಯಸ್ಸಿನಲ್ಲಿ ದೊಡ್ಡವಳಾದ್ದರಿಂದ ನಿನ್ನನ್ನು ಬಯ್ಯಬಹುದು. ಈ ಪತ್ರದಲ್ಲಿ ಎರಡನ್ನೂ ಮಾಡಲಿದ್ದೇನೆ.

ಇದು ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಒಂದು ಮನೆಗೆ ಒಂದು ತಲೆಮಾರಿನಲ್ಲಿ ಒಂದೇ ಪತ್ರ, ಅದೂ ಸ್ವಂತ ರಕ್ತದವರಿಗೆ ಮಾತ್ರ. ಉತ್ತರ ಬರುವುದಿಲ್ಲ. ಅದು ಹೇಗೆ ನಡೆಯುತ್ತದೆ ಎಂದು ಕೇಳಬೇಡ. ನಾನು ಹತ್ತನೆಯ ತರಗತಿಯವರೆಗೆ ಓದಿದವಳು, ಅಲ್ಲಿ ಇದನ್ನು ಹೇಳಿಕೊಡಲಿಲ್ಲ. ಅಂಚೆಯವರು ಪತ್ರ ಓದಿ, ರಾಜ್ಯ ಬಿದ್ದ ವರ್ಷ, ಯುದ್ಧದ ತಾರೀಖು ಇಂಥವನ್ನು ಅಳಿಸಿಬಿಡುತ್ತಾರೆ. ಮನೆಯ ವಿಷಯ ಬಿಡುತ್ತಾರೆ. ನಾನು ಬರೆಯುತ್ತಿರುವುದು ಮನೆಯ ವಿಷಯವೇ.

ನೀನು ಚಳ್ಳಕೆರೆಯಿಂದ ಗಂಡನ ಹಿಂದೆ ಕಡಲು ದಾಟಿ ಈ ಗಡಿಗೆ ಬಂದವಳು. ಅವನು ಎಣ್ಣೆ ಮಿಲ್ಲಿನ ಫಿಟ್ಟರ್. ಜೊತೆಗೆ ಅತ್ತೆ ದುರುಗಮ್ಮನನ್ನೂ ಕರೆದುಕೊಂಡು ಬಂದಿರಿ. ಇಲ್ಲಿನ ಕಡ್ಲೆಕಾಯಿ ನೋಡಲು ದಪ್ಪ, ಹಿಂಡಿದರೆ ಎಣ್ಣೆ ಇಲ್ಲ ಎಂದು ನೀನು ಗೊಣಗುತ್ತಿದ್ದೆಯಂತೆ. ಆ ಗೊಣಗಾಟ ಇವತ್ತಿಗೂ ಮನೆಯಲ್ಲಿ ಉಳಿದಿದೆ. ಮಿಲ್ಲಿನ ಹಿಂದೆ ಕೆಲಸಕ್ಕೆ ಬಾರದ ಒಂದು ಗಾಣದ ಕಲ್ಲು ಬಿದ್ದಿದೆ, ಅದರ ಮೇಲೆ ಕೂತು ನೀನು ಸೊಪ್ಪು ಬಿಡಿಸುತ್ತೀಯ. ಆ ಕಲ್ಲಿನ ವಿಷಯ ಹೇಳಬೇಕು.

ಗಡಿಯ ಆಚೆ ಈಚೆ ಜಾಂಬಿಯಾ, ಮಲಾವಿ ಎಂಬ ಎರಡು ದೇಶ, ಎರಡು ನಾಣ್ಯ, ಎರಡಕ್ಕೂ ಒಂದೇ ಹೆಸರು ಕ್ವಾಚಾ ಎಂಬುದು ನಿನಗೆ ಗೊತ್ತು. ಇಲ್ಲಿನ ಮಾತಿನಲ್ಲಿ ಕ್ವಾಚಾ ಅಂದರೆ ಬೆಳಗಾಯಿತು ಎಂದು. ಹುಟ್ಟುವಾಗ ಇವೆರಡೂ ಹೆಚ್ಚುಕಡಿಮೆ ಸಮಸಮವಾಗಿದ್ದವು. ಬಿಳಿಯರ ಪೌಂಡನ್ನು ಕಳಚಿ ಎರಡೂ ದೇಶ ಒಂದಕ್ಕೆರಡರ ಲೆಕ್ಕದಲ್ಲಿ ಹೊಸ ಹಣ ಮಾಡಿದವು. ಆಮೇಲೆ ಏತದ ಎರಡು ತುದಿಯಂತಾದವು. ಮೊದಲು ಜಾಂಬಿಯಾದ ಕ್ವಾಚಾ ಕುಸಿದು, ಒಂದು ಮಲಾವಿ ಕ್ವಾಚಾಕ್ಕೆ ಅದರ ಹಿಡಿಗಟ್ಟಲೆ ನೋಟು ಕೊಡಬೇಕಾಯಿತು. ಆಮೇಲೆ ಜಾಂಬಿಯಾದವರು ಮೂರು ಸೊನ್ನೆ ಕಿತ್ತುಹಾಕಿದರು, ಮಲಾವಿಯದು ಇಳಿಯುತ್ತ ಹೋಯಿತು. ನಿನ್ನ ಈ ವರ್ಷದಲ್ಲಿ ಒಂದು ಜಾಂಬಿಯಾ ಕ್ವಾಚಾಕ್ಕೆ ಅರವತ್ತೋ ಎಪ್ಪತ್ತೋ ಮಲಾವಿ ಕ್ವಾಚಾ ಸಿಗುತ್ತಿರಬೇಕು. ಮುಂದೆಯೂ ಎರಡೂ ಕಡೆಯವರು ಸೊನ್ನೆ ಕಿತ್ತಿದ್ದಾರೆ, ಸೊನ್ನೆ ಬೆಳೆಸಿದ್ದಾರೆ. ಏತ ನಿಂತಿಲ್ಲ.

ಒಂದು ವರ್ಷ (ಯಾವುದೆಂದು ಬರೆದರೆ ಅಳಿಸುತ್ತಾರೆ) ಎರಡೂ ಕಡೆ ಬ್ಯಾಂಕುಗಳು ಬಾಗಿಲು ಮುಚ್ಚುತ್ತವೆ. ಫೋನುಗಳು ಸಾಯುತ್ತವೆ. ಗಡಿಯಲ್ಲಿ ಉಪ್ಪು, ಜೋಳದ ಹಿಟ್ಟು, ಔಷಧಿ ಎಲ್ಲ ಇವೆ, ಆದರೆ ಯಾವ ಹಣಕ್ಕೆ ಎಷ್ಟು ಎಂದು ಹೇಳುವವರಿಲ್ಲದೆ ಜನ ಕೈಯಲ್ಲಿ ನೋಟು ಹಿಡಿದು ಹಸಿದು ಕೂರುತ್ತಾರೆ. ಆಗ ಅವರು ನಿನ್ನ ಹತ್ತಿರ ಬರುತ್ತಾರೆ. ನೀನು ಎರಡೂ ಕಡೆಗೆ ಎಣ್ಣೆ ಮಾರುವವಳು, ಎರಡೂ ಕಡೆಗೆ ಸೇರದವಳು. ನೀನು ಮಾಡಿದ ಕೆಲಸ ಬಹಳ ಸರಳ, ಬಹಳ ಒಳ್ಳೆಯದು. ಆಚೆಯಿಂದ ಒಬ್ಬ ಹೆಂಗಸು, ಈಚೆಯಿಂದ ಒಬ್ಬ ಹೆಂಗಸು, ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಒಂದೇ ಅಳತೆಯ ಲೋಟದಲ್ಲಿ ಎಣ್ಣೆ ಕೊಟ್ಟು, ಇದಕ್ಕೆ ನೀನು ಎಷ್ಟು ಕೊಡುತ್ತೀಯ ಎಂದು ಕೇಳಿದೆ. ಎರಡು ಉತ್ತರ ಬಂತು. ಒಂದನ್ನು ಇನ್ನೊಂದರಿಂದ ಭಾಗಿಸಿದೆ. ಮರುದಿನ ಬೆಳಕು ಹರಿಯುವಾಗ ಗಾಣದ ಕಲ್ಲು ಹತ್ತಿ ಆ ಸಂಖ್ಯೆಯನ್ನು ಕೂಗಿದೆ. ಗಾಬರಿಯಲ್ಲಿ ಕನ್ನಡದಲ್ಲೇ ಕೂಗಿಬಿಟ್ಟೆ.

ಅಂದಿನಿಂದ ಇಲ್ಲಿ ದರ ಕನ್ನಡದಲ್ಲೇ ಹುಟ್ಟುತ್ತದೆ. ನಿನಗೆ ನಗು ಬರಬಹುದು, ಇವತ್ತು ಈ ಬಜಾರಿನ ಇಡೀ ಜನ ಮನೆಯಲ್ಲಿ ಮಾತಾಡುವುದು ನ್ಯಾಂಜಾ, ಎಣಿಸಲು, ಚೌಕಾಸಿ ಮಾಡಲು, ಬಯ್ಯಲು ಬಳಸುವುದು ನಿನ್ನ ಚಳ್ಳಕೆರೆಯ ಕನ್ನಡ. ಬ್ಯಾಂಕುಗಳು ಮತ್ತೆ ತೆರೆದವು, ಮತ್ತೆ ಮುಚ್ಚಿದವು. ಜನ ಅವನ್ನು ನಂಬಲಿಲ್ಲ, ನಮ್ಮನ್ನು ನಂಬಿದರು. ದೂರದ ನಗರಗಳ ದೊಡ್ಡ ವ್ಯಾಪಾರವೂ ನಮ್ಮ ಕಲ್ಲಿನ ಮೇಲೆ ಕೂಗಿದ ದರದಲ್ಲೇ ನಡೆಯುತ್ತದೆ. ದರ ಕೂಗುವವಳನ್ನು ಬಾಯಿ ಎನ್ನುತ್ತಾರೆ. ಬಾಯಿಯಾದವಳು ಎರಡೂ ಕ್ವಾಚಾವನ್ನು ಕೈಯಲ್ಲಿ ಮುಟ್ಟುವಂತಿಲ್ಲ. ನಮಗೆ ಕೂಲಿ ಬರುವುದು ಕಡ್ಲೆಕಾಯಿಯಲ್ಲಿ. ಇಲ್ಲಿನ ಜನ ತಾಯಿಯ ಕಡೆಯಿಂದ ವಂಶ ಎಣಿಸುವವರಾದ್ದರಿಂದ ಕಲ್ಲು ತಾಯಿಯಿಂದ ಹೆಣ್ಣುಮಕ್ಕಳಿಗೆ ಇಳಿದಿದೆ. ಈ ಮನೆಯ ಒಬ್ಬ ಬಾಯಿಯೂ ಒಂದು ದಿನವೂ ಸುಳ್ಳು ದರ ಕೂಗಿಲ್ಲ. ಇದನ್ನು ನಾನು ತಲೆ ಎತ್ತಿ ಬರೆಯುತ್ತಿದ್ದೇನೆ.

ಇಲ್ಲಿಯವರೆಗೆ ನಮಸ್ಕಾರ. ಇನ್ನು ಬೈಗುಳ.

ನೀನು ಕೂಗಲು ಶುರು ಮಾಡಿದ ವರ್ಷದಲ್ಲೇ ನಿನ್ನ ಅತ್ತೆ ದುರುಗಮ್ಮ ತೀರಿಕೊಳ್ಳುತ್ತಾಳೆ. ನೀನು ಸೂತಕ ಹಿಡಿಯುತ್ತೀಯ. ಹನ್ನೊಂದು ದಿನ ಕಲ್ಲು ಹತ್ತುವುದಿಲ್ಲ. ಜನ ನಿನ್ನ ದುಃಖಕ್ಕೆ ಮರ್ಯಾದೆ ಕೊಟ್ಟು, ಸಾವಿನ ಹಿಂದಿನ ದಿನದ ದರದಲ್ಲೇ ಹನ್ನೊಂದು ದಿನವೂ ಕೊಟ್ಟು ತೆಗೆದುಕೊಳ್ಳುತ್ತಾರೆ. ಅದು ಅವರ ದೊಡ್ಡ ಮನಸ್ಸು. ಆ ದೊಡ್ಡ ಮನಸ್ಸನ್ನು ನೀನೂ ನಿನ್ನ ಮಗಳೂ ಪದ್ಧತಿ ಮಾಡಿಬಿಟ್ಟಿರಿ: ಬಾಯಿಯ ಮನೆಯಲ್ಲಿ ಸಾವಾದರೆ ಹನ್ನೊಂದು ದಿನ ದರ ನಿಲ್ಲುತ್ತದೆ.

ಚಿಕ್ಕಂದಿನಲ್ಲಿ ನಾವು ದರದ ಮಗ್ಗಿ ಕಲಿಯುತ್ತೇವೆ. ನೀನು ಕೂಗಿದ ಮೊದಲ ದರದಿಂದ ಇವತ್ತಿನವರೆಗೆ, ಅಷ್ಟೂ ಬಾಯಿಪಾಠ. ಕಡ್ಲೆಕಾಯಿ ಸುಲಿಯುತ್ತ ರಾಗವಾಗಿ ಹೇಳುತ್ತೇವೆ. ನಡುನಡುವೆ ಒಂದೇ ಸಂಖ್ಯೆ ಮತ್ತೆ ಮತ್ತೆ ಬರುವ ಜಾಗಗಳಿವೆ. ಅದು ಉಸಿರು ತೆಗೆದುಕೊಳ್ಳುವ ಜಾಗ ಎಂದುಕೊಂಡಿದ್ದೆ. ದೊಡ್ಡವಳಾದ ಮೇಲೆ ತಿಳಿಯಿತು, ಅವು ಸಾವುಗಳು. ಮೊದಲ ಸಾವುಗಳು ಹೇಗೆಂದರೆ ಹಾಗೆ ಬಿದ್ದಿವೆ; ಹಿಂದೆ ಮುಂದೆ ದರ ಸಮಾಧಾನವಾಗಿ ನಡೆಯುತ್ತದೆ. ಆದರೆ ನನ್ನ ಅಜ್ಜಿಯ ಕಾಲದಿಂದ ಬದಲಾಗಿದೆ. ಸಂಖ್ಯೆ ನಿಲ್ಲುತ್ತದೆ, ಹನ್ನೊಂದು ಸಲ ಹೇಳುತ್ತೇವೆ, ಹನ್ನೆರಡನೆಯದು ಬೆಟ್ಟದಿಂದ ಜಾರಿದ ಹಾಗೆ ಇರುತ್ತದೆ. ಪ್ರತಿ ಸಲವೂ. ದೊಡ್ಡ ಕುಸಿತ ಬರುವ ಮುನ್ನ ನಮ್ಮ ಮನೆಯಲ್ಲಿ ಒಬ್ಬರು ಸತ್ತಿರುತ್ತಾರೆ.

ವಿಷಯ ಕಷ್ಟದ್ದಲ್ಲ. ಮಲಾವಿ ಕ್ವಾಚಾ ನಾಳೆ ಕುಸಿಯುತ್ತದೆ ಎಂದು ಒಬ್ಬನಿಗೆ ಮೊದಲೇ ಗೊತ್ತಾಯಿತು ಅನ್ನು. ಅವನ ಹತ್ತಿರ ಅದರ ರಾಶಿಯೇ ಇದೆ. ದರ ಹನ್ನೊಂದು ದಿನ ನಿಂತರೆ, ಸತ್ತುಹೋದ ಆ ಹಣವನ್ನು ಬದುಕಿದ ದರದಲ್ಲಿ ಬಡವರ ತಲೆಗೆ ಕಟ್ಟಿ, ಒಳ್ಳೆಯ ಹಣ ತೆಗೆದುಕೊಂಡು ಹೋಗಬಹುದು. ಅದಕ್ಕೆ ಬೇಕಾದದ್ದು ನಮ್ಮ ಮನೆಯಲ್ಲಿ ಒಂದು ಹೆಣ. ದೂರದ ನಗರಗಳಲ್ಲಿ ಇದರ ಮೇಲೆಯೇ ಪತ್ರ ಬರೆದು ಮಾರುತ್ತಾರೆ. ದರ ನಿಂತರೆ ಕೊಂಡವನಿಗೆ ಇಷ್ಟು ಹಣ ಎಂಬ ಆ ಪಣಕ್ಕೆ ನಿಂತದರದ ಪತ್ರ ಎಂದು ಹೆಸರು. ಕೊಳ್ಳುವವರು ನಮ್ಮನ್ನು ನೋಡಿದವರಲ್ಲ. ನನ್ನ ಚಿಕ್ಕಮ್ಮ ಬಾವಿಗೆ ಬಿದ್ದಳು. ನನ್ನ ತಮ್ಮನ ಬುಟ್ಟಿಯಲ್ಲಿ ಹಾವಿತ್ತು. ನನ್ನ ಹಿರಿಮಗಳು ಹೊಳೆ ದಾಟುವಾಗ ದೋಣಿಯ ಹಲಗೆ ಬಿಟ್ಟುಕೊಂಡಿತು. ಮಾಡಿದವರ ಕೈಯನ್ನು ನಮಗೆ ಒಮ್ಮೆಯೂ ಹಿಡಿಯಲಾಗಲಿಲ್ಲ.

ನಾವು ಹೇಗೆ ಬದುಕುತ್ತೇವೆ ಎಂದು ಹೇಳುತ್ತೇನೆ, ಕೇಳು. ಈ ಮನೆಯಲ್ಲಿ ಎಣ್ಣೆ ಹಿಂಡುವ ಗಾಣ ತಿರುಗುವಾಗ ಮಾತ್ರ ಕೆಮ್ಮುತ್ತೇವೆ, ಸದ್ದಿನಲ್ಲಿ ಸದ್ದು ಮುಚ್ಚಿಹೋಗಲಿ ಎಂದು. ಬಸುರಾದವಳು ಸೂರು ಬಿಟ್ಟು ಹೊರಗೆ ಬರುವುದಿಲ್ಲ. ಮಕ್ಕಳ ಬಟ್ಟೆಯನ್ನು ಒಳಗೇ ಒಣಹಾಕುತ್ತೇವೆ. ಎಷ್ಟು ಮಕ್ಕಳಿವೆ ಎಂದು ಹಗ್ಗ ನೋಡಿ ಯಾರೂ ಎಣಿಸಬಾರದು. ಹೊರಗಿನಿಂದ ಬಂದದ್ದನ್ನು ತಿನ್ನುವಂತಿಲ್ಲ. ಇಲ್ಲಿನ ಜನ ಎದುರಾದರೆ ಮೊದಲು ಕೇಳುವುದೇ ಹೇಗಿದ್ದೀರಿ, ಮನೆಯಲ್ಲಿ ಎಲ್ಲ ಹೇಗಿದ್ದಾರೆ ಎಂದು. ಎಂಥ ಚಂದದ ಮಾತು ಅದು. ನಮ್ಮ ಮನೆಯವರು ಅದಕ್ಕೆ ಕೊಡುವ ಉತ್ತರ ಒಂದೇ: ಎಣ್ಣೆ ಚೆನ್ನಾಗಿದೆ.

ಈ ತಿಂಗಳು ಮಲಾವಿ ಕಡೆ ಹಳೆಯ ನೋಟು ರದ್ದು ಮಾಡುತ್ತಾರೆಂಬ ಪಿಸುಮಾತು ಶುರುವಾಯಿತು. ದರ ಹತ್ತೊಂಬತ್ತರಲ್ಲಿತ್ತು, ಒಂದು ಜಾಂಬಿಯಾ ಕ್ವಾಚಾಕ್ಕೆ ಹತ್ತೊಂಬತ್ತು ಮಲಾವಿ ಕ್ವಾಚಾ. ಮೊನ್ನೆ ಬೆಳಗ್ಗೆ ಜೇಕಬ್ ಜೆರೆ ಬಂದ. ನಗರದ ವ್ಯಾಪಾರಸ್ಥರ ಪರವಾಗಿ ಎಣ್ಣೆ ಕೊಳ್ಳುವವನು, ಇಸ್ತ್ರಿ ಮಾಡಿದ ಅಂಗಿ, ಹಿರಿಯರ ಮುಂದೆ ಟೋಪಿ ತೆಗೆದು ಮೊಣಕಾಲು ಬಗ್ಗಿಸುವವನು.

"ಅಗೋಗೋ, ಮನೇಲಿ ಎಲ್ಲಾರೂ ಹುಷಾರಾ?" ಎಂದ. ಅಗೋಗೋ ಅಂದರೆ ಅಜ್ಜಿ.

"ಎಣ್ಣೆ ಚೆನ್ನಾಗೈತೆ" ಎಂದೆ.

"ಎಣ್ಣೆ ಬುಡಿ, ಅದು ಯಾವಾಗ್ಲೂ ಚೆನ್ನಾಗಿರ್ತೈತೆ. ಪಾಪುಗೆ ನೆಗಡಿ ಏನೋ. ಬೇಲಿ ಪಕ್ಕ ಬತ್ತಿದ್ದೆ, ಕೇಳುಸ್ತು. ಎದೆಗೆ ಒಳ್ಳೇದು ಅಂತ ಒಂಚೂರು ಜೇನು ತಂದೀನಿ."

ಪಾಲಮ್ಮ, ಈ ಮನೆಯಲ್ಲಿ ಕೂಸಿದೆ ಎಂದು ಬಜಾರಿಗೆ ನಾವು ಹೇಳಿರಲಿಲ್ಲ. ಅದು ನನ್ನ ಮೊಮ್ಮಗಳು ಚಿಫುಂಡೊಳ ಮಗಳು. ಅದರ ಹೆಸರನ್ನು ನಿನಗೂ ಬರೆಯುವುದಿಲ್ಲ. ನಾನು ಜೇನು ತೆಗೆದುಕೊಂಡೆ. ಬೇಡ ಎಂದರೆ ಹೆದರಿದ್ದೇವೆ ಎಂದಾಗುತ್ತದೆ. ಅವನು ಹೋದ ಮೇಲೆ ತಿಪ್ಪೆಗೆ ಎಸೆಯಲು ಹೇಳಿ, ಲೋಟದ ಹೆಂಗಸರ ಹತ್ತಿರ, ಅಂದರೆ ನೀನು ಕೂರಿಸಿದಂತೆ ಇವತ್ತಿಗೂ ಎಣ್ಣೆಗೆ ಬೆಲೆ ಹೇಳುವ ಆ ಇಬ್ಬರ ಹತ್ತಿರ, ಹೋದೆ.

ನನ್ನ ಗಂಡ ಲೆವಿಸನ್‌ನ ವಿಷಯ ಹೇಳಬೇಕು. ಐವತ್ತು ವರ್ಷ ನನಗಿಂತ ಮೊದಲು ಎದ್ದು ಗಾಣದ ಕಲ್ಲು ಗುಡಿಸಿದವನು ಅವನು. ನಾನು ಹತ್ತಲು ಹೋಗುವಾಗ ಕೈ ಕೊಟ್ಟು, ದಿನವೂ ಅದೇ ಮಾತು: "ಎಷ್ಟು ಕೂಗ್ತೀಯ ಇವತ್ತು? ನನಗೊಬ್ಬನಿಗೆ ಮೊದ್ಲೇ ಹೇಳೇ, ಸಾಹುಕಾರ ಆಗೋಗ್ತೀನಿ." ನಾನು ದಿನವೂ ಅವನ ಕೈಗೆ ಹೊಡೆದು ಹತ್ತುತ್ತಿದ್ದೆ. ಒಂದು ದಿನವೂ ಹೇಳಿದವಳಲ್ಲ. ಅವನಿಗೆ ಎದೆಯ ಕಾಯಿಲೆ ಇತ್ತು. ಸಿಹಿಯ ಆಸೆಯೂ ಇತ್ತು.

ನಿನ್ನೆ ಮಧ್ಯಾಹ್ನ ಅವನು ಜಗುಲಿಯಲ್ಲಿ ಬೆವರುತ್ತ ಒರಗಿದ್ದ. ಪಕ್ಕದಲ್ಲಿ ಜೇನಿನ ಬಾಟಲಿ, ಖಾಲಿ. ಜೇನಿನಿಂದಲೇ ಎಂದು ನಾನು ಹೇಳುವುದಿಲ್ಲ. ನೋಡದ್ದನ್ನು ಹೇಳುವವಳು ಬಾಯಿಯಾಗಲಾರಳು. ಹೊರಗಿನದನ್ನು ತಿನ್ನಬಾರದೆಂದು ಗೊತ್ತಿದ್ದವನು ತಿಪ್ಪೆಯಿಂದ ಅದನ್ನು ಏಕೆ ಎತ್ತಿಕೊಂಡು ಬಂದನೋ. ಕೂಸಿನ ಕೈಗೆ ಸಿಗಬಾರದೆಂದೋ, ಬರೀ ಆಸೆಗೋ. ನಾನು ಪಕ್ಕದಲ್ಲಿ ಕೂತೆ. ಅವನು ಕಣ್ಣು ಬಿಟ್ಟು, "ನಾಳೆ ಎಷ್ಟೇ?" ಎಂದ.

ಲೋಟದ ಹೆಂಗಸರು ಆಗಷ್ಟೇ ಹೇಳಿ ಹೋಗಿದ್ದರು. ನಾನು ಅವನ ಕಿವಿಯಲ್ಲಿ ಹೇಳಿದೆ: "ಮೂವತ್ತೊಂದು."

ಅವನು ಸಿಳ್ಳು ಹಾಕಲು ನೋಡಿದ, ಗಾಳಿ ಮಾತ್ರ ಬಂತು. "ಹತ್ತೊಂಬತ್ತರಿಂದ ಮೂವತ್ತೊಂದಾ! ಐವತ್ತು ವರ್ಷ ಹೇಳ್ದೇ ಇದ್ದೋಳು ಇವತ್ತು ಹೇಳ್ತೀಯಲ್ಲೇ, ಜುಗ್ಗಿ. ಈಗ ನಾನು ಸತ್ರೆ ಯಾವನೋ ಸಾಹುಕಾರ ಆಗ್ತಾನೆ." ನಕ್ಕ. ಅದೇ ಕೊನೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯವರೆಲ್ಲ ಹೆಣದ ಸುತ್ತ ಕೂತರು. ಬಾಗಿಲು ಹಾಕಿತ್ತು, ಒಬ್ಬರೂ ದನಿ ತೆಗೆದು ಅತ್ತಿರಲಿಲ್ಲ. ಚಿಫುಂಡೊ ಕೂಸನ್ನು ಎದೆಗೆ ಅವುಚಿಕೊಂಡು, "ಅಜ್ಜೀ, ಮುಚ್ಚಿಡಾನ. ತಾತ ಮಲಗ್ಯಾನೆ ಅಂದ್ರಾತು. ಹೊಸ ದರ ಕೂಗಿದ ಮ್ಯಾಲೆ ಅಳಾನ" ಎಂದಳು.

ಮಗ ಬೋಸಯ್ಯ ಎದ್ದು ನಿಂತ. "ಅಪ್ಪನ್ನ ಕಳ್ಳಮಾಲು ಥರ ಬಚ್ಚಿಡ್ತೀಯೇನಮ್ಮಿ? ಸೂತಕ ಹಿಡಿಯಾನ. ಅವರಿಗೆ ಬೇಕಾದ್ದು ಅವರಿಗೆ ಸಿಗ್ತೈತೆ, ಕೂಸು ಉಳೀತೈತೆ."

"ಈ ಸಲ ಉಳೀತೈತೆ" ಎಂದೆ. "ಮುಂದಿನ ಸಲ?"

"ಮುಂದಿಂದು ಮುಂದೆ ನೋಡಾನ ಕಣವ್ವ."

"ನನ್ನಜ್ಜೀನೂ ಅಂಗೇ ಅಂದಿದ್ಲು. ಸಾವು ದರ ನಿಲ್ಲಿಸೋಗಂಟ ನಮ್ಮ ಸಾವಿಗೆ ಗಿರಾಕಿ ಇರ್ತಾರೆ. ನಾಳೆ ನಾನು ಕಲ್ಲು ಹತ್ತೀನಿ."

"ಅಪ್ಪನ ಹೆಣ ಮನೆಯಾಗೆ ಇಟ್ಕೊಂಡು ದರ ಕೂಗ್ತೀಯಾ? ನೀನೇನು ಹೆಂಗಸಾ?"

"ಬಾಯಿ" ಎಂದೆ. ಅವನು ಬಾಗಿಲು ತೆಗೆದು ಹೊರಗೆ ಹೋದ. ಆಗ ಚಿಫುಂಡೊ ಅಳಲು ಶುರು ಮಾಡಿದಳು, ಬೇಲಿಯ ಆಚೆಗೂ ಕೇಳುವ ಹಾಗೆ. ನಾನು ತಡೆಯಲಿಲ್ಲ.

ಈ ಬೆಳಗ್ಗೆ ಕಲ್ಲು ಗುಡಿಸಿರಲಿಲ್ಲ. ಸ್ನಾನ ಮಾಡದೆ, ತಲೆ ಬಾಚದೆ, ಸೂತಕದ ಮೈಯಲ್ಲೇ ಹೋದೆ. ಸಾವಿನ ಸುದ್ದಿ ಹರಡಿತ್ತು. ಬಜಾರಿನ ಜನ ಹತ್ತೊಂಬತ್ತರ ಲೆಕ್ಕದಲ್ಲಿ ಆಗಲೇ ಹಣ ಬಿಚ್ಚುತ್ತಿದ್ದರು. ಕೆಲವರು ನನಗಾಗಿ ಅಳುತ್ತಲೂ ಇದ್ದರು. ಹತ್ತಲು ಕೈ ಕೊಡುವವರಿರಲಿಲ್ಲ, ನಾಲ್ಕು ಕಾಲಲ್ಲಿ ಹತ್ತಿದೆ. ನಿಂತು ಕೂಗಿದೆ: "ಮೂವತ್ತೊಂದು!" ಆಮೇಲೆ ಹೇಳಿದೆ: "ನನ್ನ ಗಂಡ ಸತ್ತಿದಾನೆ. ಇವತ್ತಿನ ದರ ಮೂವತ್ತೊಂದು. ಇನ್ನು ಈ ಮನೇಲಿ ಯಾರು ಸತ್ತರೂ ದರ ನಿಲ್ಲಾಕಿಲ್ಲ."

ಟೊಮೆಟೊ ಮಾರುವ ಗೆಟ್ರೂಡ್, ನನ್ನ ಜೊತೆ ಶಾಲೆಗೆ ಬಂದವಳು, ನನ್ನ ಎಲ್ಲ ಹೆರಿಗೆಗೂ ಇದ್ದವಳು, ಮುಂದೆ ಬಂದು ಕಲ್ಲಿನ ಬುಡಕ್ಕೆ ಉಗಿದಳು. "ಥೂ! ಅವನಿನ್ನೂ ತಣ್ಣಗಾಗಿಲ್ಲ, ಇವಳ ನಾಲ್ಗೆ ನೋಡು!" ಅವಳು ಉಟ್ಟ ಬಟ್ಟೆಯ ಗಂಟಿನಲ್ಲಿ ಒಂದಿಷ್ಟು ಮಲಾವಿ ಕ್ವಾಚಾ ಇತ್ತು. ದರ ನಿಂತಿದ್ದರೆ ಅವಳೂ ಒಂಚೂರು ಉಳಿಸಿಕೊಳ್ಳುತ್ತಿದ್ದಳು. ನಾನು ಅದನ್ನೂ ನೋಡಿದೆ. ಆದರೂ ಜನ ಗಂಟು ಕಟ್ಟಿ, ಮತ್ತೆ ಬಿಚ್ಚಿ, ಮೂವತ್ತೊಂದರಲ್ಲಿ ಎಣಿಸಲು ಶುರು ಮಾಡಿದರು. ಬೇರೆ ದರ ಅವರಿಗೆ ಗೊತ್ತಿರಲಿಲ್ಲ.

ಜೇಕಬ್ ಜೆರೆ ಹಿಂದೆ ನಿಂತಿದ್ದ. ಅವನು ಉಗಿಯಲಿಲ್ಲ, ಬಯ್ಯಲಿಲ್ಲ. ಟೋಪಿ ತೆಗೆದು, ಮೊಣಕಾಲು ಬಗ್ಗಿಸಿ, ನನ್ನನ್ನೇ ಬಹಳ ಹೊತ್ತು ನೋಡಿದ. ಹೊಸ ಎತ್ತನ್ನು ಸಂತೆಯಲ್ಲಿ ನೋಡುವ ಹಾಗೆ. ಆ ನೋಟ ನನಗೆ ಅರ್ಥವಾಯಿತು. ಇನ್ನು ಮನೆಯವರ ಸಾವಿನಿಂದ ದರ ನಿಲ್ಲುವುದಿಲ್ಲ, ಆದರೆ ಬಾಯಿಯೇ ಸತ್ತರೆ ನಿಲ್ಲಬಹುದು. ಹೊಸ ಪತ್ರಗಳನ್ನು ಹಾಗೆ ಬರೆಯುತ್ತಾರೆ. ಬರೆಯಲಿ. ಕೂಸಿನ ತಲೆಯ ಮೇಲಿದ್ದ ಬೆಲೆಯನ್ನು ನನ್ನ ತಲೆಯ ಮೇಲೆ ಎಳೆದುಕೊಂಡಿದ್ದೇನೆ. ಚಿಫುಂಡೊಗೆ ಹೇಳಿದ್ದೇನೆ: ನಾನು ಹೋದ ಮರುಬೆಳಗ್ಗೆ ನೀನು ಕಲ್ಲಿನ ಮೇಲಿರಬೇಕು, ನನ್ನ ಹೆಣವನ್ನು ದಾಟಿಕೊಂಡು ಹೋಗಬೇಕಾದರೂ.

ಈಗ ಮಧ್ಯಾಹ್ನ. ಲೆವಿಸನ್‌ನನ್ನು ಹೊರಲು ಬಜಾರಿನಿಂದ ಜನ ಬಂದಿಲ್ಲ. ಬೋಸಯ್ಯ ಒಬ್ಬನೇ ಗುಂಡಿ ತೋಡುತ್ತಿದ್ದಾನೆ. ಗುದ್ದಲಿಯ ಸದ್ದು ಇಲ್ಲಿಗೆ ಕೇಳುತ್ತಿದೆ. ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಹಿಂದಂಚೆಯವನು ಬೇಲಿಯ ಹತ್ತಿರ ಕಾಯುತ್ತಿದ್ದಾನೆ, ಆದ್ದರಿಂದ ಕೇಳಬೇಕಾದ್ದನ್ನು ಕೇಳಿ ಮುಗಿಸುತ್ತೇನೆ.

ದುರುಗಮ್ಮ ಒಳ್ಳೆಯವಳಂತೆ. ಕಡಲು ದಾಟುವಾಗ ಸೆರಗಿನಲ್ಲಿ ಚಳ್ಳಕೆರೆಯ ಮಣ್ಣು ಕಟ್ಟಿಕೊಂಡು ಬಂದವಳು, ನಿನ್ನನ್ನು ಮಗಳ ಹಾಗೆ ನೋಡಿದವಳು. ಅವಳು ಹೋದ ದಿನ ನಿನಗೆ ಏಳಲು ಆಗದಿರುವುದು ನನಗೆ ಗೊತ್ತು. ಆದರೂ ಏಳು. ನೀನಿನ್ನೂ ಚಿಕ್ಕವಳು, ನಿನ್ನ ಕೈಯಲ್ಲಿ ಅದು ಬರೀ ಒಂದು ಬೆಳಗಿನ ಕಷ್ಟ. ನನ್ನ ಕೈಗೆ ಬರುವ ಹೊತ್ತಿಗೆ ಅದು ಏನಾಗಿದೆ ಎಂದು ಓದಿದ್ದೀಯ. ನಿನ್ನನ್ನು ಕಲ್ಲುಮನಸ್ಸಿನವಳು ಎನ್ನುತ್ತಾರೆ. ಅನ್ನಿಸಿಕೋ. ನನಗಿಂತ ಮೊದಲು, ಅಗ್ಗವಾಗಿ, ಒಂದೇ ಸಲ ಅನ್ನಿಸಿಕೋ.

ನೀನು ನನ್ನ ಮಾತು ಕೇಳಿದರೆ ನಮ್ಮ ಮಗ್ಗಿಯಲ್ಲಿ ನಿಲ್ಲುವ ಜಾಗಗಳಿರುವುದಿಲ್ಲ. ನನ್ನ ತಮ್ಮ, ನನ್ನ ಮಗಳು, ಜಗುಲಿಯಲ್ಲಿ ಒರಗಿದ ಆ ಮುದುಕ, ಎಲ್ಲರೂ ತಮ್ಮ ತಮ್ಮ ಸಾವನ್ನು ಸಾಯುತ್ತಾರೆ. ಈ ಪತ್ರವನ್ನೂ ನಾನು ಬರೆದಿರುವುದಿಲ್ಲ.

ಅಳಬೇಡ ಎಂದು ನಾನು ಹೇಳುವುದಿಲ್ಲ, ಪಾಲಮ್ಮ. ಮೊದಲು ಕಲ್ಲು ಹತ್ತು. ದರ ಕೂಗು. ಆಮೇಲೆ ಅಲ್ಲೇ ಕೂತು, ಎರಡೂ ದೇಶಕ್ಕೆ ಕೇಳುವ ಹಾಗೆ ಅಳು.

ಬೋರಕ್ಕ ಫಿರಿ
ಬಾಯಿ